ಕಳೆದುಹೋದ ಚೆಂಡು ಮತ್ತು ಸಮಾನ ಸವೆತದ ತತ್ತ್ವ: ಕ್ರಿಕೆಟ್ ನಿಯಮಗಳ ಚರಿತ್ರೆಯ ಒಂದು ಅವಲೋಕನ

ಮಹಾಭಾರತದ ಆದಿಪರ್ವದಲ್ಲಿ ದ್ರೋಣರು ಹಸ್ತಿನಾವತಿಯ ರಾಜಕುಮಾರರಿಗೆ ಗುರುವಾಗಿ ಒದಗುವುದು ಕಳೆದುಹೋದ ಒಂದು ಆಟದ ವಸ್ತುವಿನ ಮೂಲಕ. ಆಡುತ್ತಿದ್ದ ಬಾಲಕರ ‘ವೀಟಾ’ ಬಾವಿಗೆ ಬೀಳುತ್ತದೆ. ಅದನ್ನು ಎತ್ತುವ ಉಪಾಯ ಕ್ಷತ್ರಿಯಕುಮಾರರಿಗೆ ತಿಳಿಯುವುದಿಲ್ಲ. ಹುಲ್ಲಿನ ಕಡ್ಡಿಯೊಂದಕ್ಕೆ ಮತ್ತೊಂದು ಕಡ್ಡಿಯನ್ನು ನೆಟ್ಟು ಸರಪಣಿಯಾಗಿಸಿ ದ್ರೋಣರು ಅದನ್ನು ಮೇಲೆತ್ತಿಕೊಡುತ್ತಾರೆ. ವೀಟಾ ಎಂದರೆ ಚೆಂಡೋ ಚಿಣ್ಣಿಯಂತಹ ಮರದ ತುಂಡೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಜನಮನದಲ್ಲಿ ಮಾತ್ರ ಅದು ಚೆಂಡಾಗಿಯೇ ಉಳಿದಿದೆ. ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶ ಬೇರೊಂದಿದೆ. ಆಡುವವರು ಅರಮನೆಯ ಮಕ್ಕಳಾದರೂ ಇನ್ನೊಂದು ಚೆಂಡನ್ನು ತರಿಸಿ ಆಟ ಮುಂದುವರಿಸುವ ಯೋಚನೆ ಯಾರಿಗೂ ಹೊಳೆಯುವುದಿಲ್ಲ. ಕಳೆದದ್ದು ಸಿಗುವವರೆಗೆ ಆಟ ನಿಂತಿರುತ್ತದೆ.

ಚೆಂಡಾಟಕ್ಕೆ ಕನ್ನಡ ನಾಡಿನಲ್ಲಿಯೂ ದೀರ್ಘ ಪರಂಪರೆಯಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯೇರಿ ಚೆಂಡನ್ನು ಹೊಡೆಯುವ ಆಟವು ರಾಜವಿನೋದಗಳಲ್ಲಿ ಒಂದಾಗಿ ವರ್ಣಿತವಾಗಿದೆ. ಲಗೋರಿಯಂತಹ ಆಟಗಳು ಇಂದಿಗೂ ಗ್ರಾಮಗಳಲ್ಲಿ ಉಳಿದಿವೆ. ಆದರೆ ಚೆಂಡು ಕಳೆದುಹೋದಾಗ ಏನು ಮಾಡಬೇಕು, ಬದಲಿ ಚೆಂಡು ಹೇಗಿರಬೇಕು, ಅದನ್ನು ಆರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳಿಗೆ ಲಿಖಿತ ನಿಯಮಗಳ ಮೂಲಕ ಎಡೆಬಿಡದೆ ಉತ್ತರ ಹುಡುಕಿದ ಆಟಗಳಲ್ಲಿ ಕ್ರಿಕೆಟ್ ಮುಖ್ಯವಾದುದು. ಸುಮಾರು ಎರಡೂಮುಕ್ಕಾಲು ಶತಮಾನಗಳ ಅವಧಿಯಲ್ಲಿ ಈ ಉತ್ತರಗಳು ಹೇಗೆ ಬದಲಾದವು, ಆ ಬದಲಾವಣೆಯ ಹಿಂದಿರುವ ನ್ಯಾಯಕಲ್ಪನೆ ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಚೆಂಡಿನ ರಚನೆ ಮತ್ತು ವಯಸ್ಸು

ಕ್ರಿಕೆಟ್ ಚೆಂಡಿನ ವಿಶೇಷವೆಂದರೆ ಅದು ಆಟದ ಭಾಗವಾಗಿಯೇ ಹಳೆಯದಾಗುತ್ತದೆ. ಕಾರ್ಕ್‌ನ ಗರ್ಭ, ಅದರ ಸುತ್ತ ಬಿಗಿಯಾಗಿ ಸುತ್ತಿದ ಉಣ್ಣೆಯ ನೂಲು, ಮೇಲೆ ಹದಮಾಡಿದ ಚರ್ಮದ ಹೊದಿಕೆ, ಎರಡು ಅರ್ಧಗಳನ್ನು ಕೂಡಿಸುವ ಉಬ್ಬಿದ ಹೊಲಿಗೆ ಇವು ಅದರ ಅಂಗಗಳು. 1744ರ ನಿಯಮಾವಳಿಯು ಚೆಂಡಿನ ತೂಕ 5ರಿಂದ 6 ಔನ್ಸ್‌ಗಳ ನಡುವೆ ಇರಬೇಕೆಂದು ಹೇಳಿತು. 1774ರಲ್ಲಿ ಈ ಮಿತಿಯನ್ನು ಐದೂವರೆಯಿಂದ ಐದೂಮುಕ್ಕಾಲು ಔನ್ಸ್‌ಗೆ ಕಿರಿದುಗೊಳಿಸಲಾಯಿತು. ಅದು ಇಂದಿಗೂ ಬದಲಾಗಿಲ್ಲ. ಗ್ರಾಂಗಳಲ್ಲಿ ಇದು ಸುಮಾರು 156ರಿಂದ 163ರಷ್ಟಾಗುತ್ತದೆ. ಸುತ್ತಳತೆಯನ್ನು ಮಾತ್ರ 1927ರಲ್ಲಿ ಸ್ವಲ್ಪ ಕುಗ್ಗಿಸಿ, ಗರಿಷ್ಠ 9 ಅಂಗುಲಕ್ಕೆ ನಿಲ್ಲಿಸಲಾಯಿತು.

ಹೊಸ ಚೆಂಡು ಗಟ್ಟಿಯಾಗಿ, ಹೊಳಪಾಗಿ, ಎತ್ತರದ ಹೊಲಿಗೆಯಿಂದ ಕೂಡಿರುತ್ತದೆ. ಗಾಳಿಯಲ್ಲಿ ತಿರುಗುವ, ನೆಲಕ್ಕೆ ಬಿದ್ದು ಪುಟಿಯುವ ಅದರ ಗುಣ ವೇಗದ ಬೌಲರನಿಗೆ ಅನುಕೂಲಕರ. ಮೇಲ್ಮೈ ಒರಟಾಗಿ ಮೃದುವಾದಂತೆ ಸ್ಪಿನ್ ಬೌಲರನ ಬೆರಳಿಗೆ ಹಿಡಿತ ಸಿಗುತ್ತದೆ. ಒಂದು ಬದಿ ಒರಟು, ಇನ್ನೊಂದು ಬದಿ ನುಣುಪಾಗಿ ಉಳಿದ ಹಳೆಯ ಚೆಂಡು ಸಾಂಪ್ರದಾಯಿಕ ದಿಕ್ಕಿಗೆ ವಿರುದ್ಧವಾಗಿ ಬಾಗುವುದೂ ಉಂಟು. ‘ರಿವರ್ಸ್ ಸ್ವಿಂಗ್’ ಎಂದು ಹೆಸರಾದ ಈ ಕಲೆಯನ್ನು ಸರ್ಫರಾಜ್ ನವಾಜ್, ಇಮ್ರಾನ್ ಖಾನ್ ಮೊದಲಾದ ಪಾಕಿಸ್ತಾನದ ಬೌಲರರು ಬೆಳೆಸಿದರು. ಹೀಗೆ ಚೆಂಡಿನ ಸವೆತವೆಂಬುದು ಕೇವಲ ನಷ್ಟವಲ್ಲ; ಕ್ಷೇತ್ರರಕ್ಷಣೆಯ ತಂಡವು ಗಂಟೆಗಟ್ಟಲೆ ಶ್ರಮಿಸಿ ಸಂಪಾದಿಸಿದ ಒಂದು ಬಗೆಯ ಆಸ್ತಿ. ಅದು ಕಳೆದುಹೋದಾಗ ಏಳುವ ಪ್ರಶ್ನೆ ಜಟಿಲವಾಗುವುದು ಈ ಕಾರಣದಿಂದಲೇ.

ಏಕೈಕ ಚೆಂಡಿನ ಕಾಲ

18ನೆಯ ಶತಮಾನದ ಕೊನೆಯ ಭಾಗದ ನಿಯಮಗಳಲ್ಲಿ ಉಭಯ ಪಕ್ಷಗಳ ಒಪ್ಪಿಗೆಯಿಲ್ಲದೆ ಆಟದ ನಡುವೆ ಚೆಂಡನ್ನು ಬದಲಿಸುವಂತಿರಲಿಲ್ಲ. ಕೆಂಟ್ ಪ್ರಾಂತದ ಪೆನ್ಸ್‌ಹರ್ಸ್ಟ್‌ನ ಡ್ಯೂಕ್ ಮನೆತನದಂತಹ ಕುಶಲಕರ್ಮಿಗಳು ಕೈಯಿಂದ ಹೊಲಿದ ಚೆಂಡುಗಳು ಬೆಲೆಬಾಳುವ ವಸ್ತುಗಳಾಗಿದ್ದವು. ಅಂದಿನ ಪಂದ್ಯಗಳ ಮೇಲೆ ದೊಡ್ಡ ಮೊತ್ತದ ಪಂಥಗಳು ನಡೆಯುತ್ತಿದ್ದವೆಂಬುದನ್ನು ನೆನೆದರೆ, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಚೆಂಡನ್ನು ಬದಲಿಸುವ ಸಾಧ್ಯತೆಯ ಬಗ್ಗೆ ನಿಯಮಕಾರರಿಗಿದ್ದ ಶಂಕೆ ಅರ್ಥವಾಗುತ್ತದೆ. ಮುಂದೆ ಪ್ರತಿ ಇನ್ನಿಂಗ್ಸ್‌ನ ಆರಂಭದಲ್ಲಿ ಹೊಸ ಚೆಂಡನ್ನು ಕೇಳುವ ಅವಕಾಶ ದೊರೆಯಿತು.

ಅಂದಿನ ಮೈದಾನಗಳಿಗೆ ನಿಶ್ಚಿತವಾದ ಗಡಿಯಿರಲಿಲ್ಲ. ಬೌಂಡರಿಯ ಪ್ರಸ್ತಾಪ ನಿಯಮಗಳಲ್ಲಿ ಸ್ಪಷ್ಟವಾಗಿ ಕಾಣುವುದು 1884ರ ಸಂಹಿತೆಯಲ್ಲಿ. ಅದಕ್ಕೆ ಮೊದಲು ದಾಂಡಿಗ ಹೊಡೆದ ಚೆಂಡು ಪೊದೆಗೋ ಜನಸಂದಣಿಗೋ ಹೋದರೂ ಓಟ ನಡೆಯುತ್ತಲೇ ಇರಬಹುದಾಗಿತ್ತು. ಈ ಸಂದಿಗ್ಧಕ್ಕೆ ಪರಿಹಾರವಾಗಿ ರೂಪುಗೊಂಡದ್ದು ‘ಲಾಸ್ಟ್ ಬಾಲ್’ ನಿಯಮ. ಕ್ಷೇತ್ರರಕ್ಷಕನು ಚೆಂಡು ಕಳೆದುಹೋಯಿತೆಂದು ಕೂಗಿ ಸಾರಿದರೆ ಓಟ ನಿಲ್ಲುತ್ತಿತ್ತು. ದಾಂಡಿಗನಿಗೆ ಆರು ಓಟಗಳು, ಅಥವಾ ಅಷ್ಟರೊಳಗೆ ಆರಕ್ಕಿಂತ ಹೆಚ್ಚು ಓಡಿದ್ದರೆ ಅಷ್ಟೂ ಓಟಗಳು ಸಲ್ಲುತ್ತಿದ್ದವು. ಈ ನಿಯಮದಲ್ಲಿ ಅಡಗಿದ್ದ ವಿವೇಕ ಗಮನಾರ್ಹ. ಚೆಂಡು ಸಿಗುತ್ತಿಲ್ಲವೆಂದು ಹೇಳುವ ಹಕ್ಕು ಕ್ಷೇತ್ರರಕ್ಷಕನದು, ಆದರೆ ಹಾಗೆ ಹೇಳಿದ್ದಕ್ಕೆ ತೆರಬೇಕಾದ ಬೆಲೆಯೂ ಅವನದೇ. ಹುಡುಕಾಟದಲ್ಲಿ ಉದಾಸೀನ ತೋರಿದರೆ ಎದುರಾಳಿಗೆ ಆರು ಓಟಗಳು ಉಚಿತವಾಗಿ ಹೋಗುತ್ತಿದ್ದವು. ಹಾಗೆಯೇ ದಾಂಡಿಗರು ಕೊನೆಯಿಲ್ಲದೆ ಓಡುವುದಕ್ಕೂ ತಡೆ ಬೀಳುತ್ತಿತ್ತು.

ಈ ನಿಯಮವು 2000ದ ಸಂಹಿತೆಯಲ್ಲಿಯೂ 20ನೆಯ ನಿಯಮವಾಗಿ ಉಳಿದಿತ್ತು. 2017ರ ಸಂಹಿತೆ ಅದನ್ನು ಪ್ರತ್ಯೇಕ ನಿಯಮವಾಗಿ ಕೈಬಿಟ್ಟು, ಅದರ ವಿಷಯವನ್ನು ‘ಡೆಡ್ ಬಾಲ್’ ನಿಯಮದೊಳಗೆ ಸೇರಿಸಿತು. ಈಗ ಚೆಂಡು ದೊರೆಯಲಾರದೆಂದು ನಿರ್ಧರಿಸುವವರು ಅಂಪೈರರು. ಆರು ಓಟಗಳ ಖಾತರಿಯೂ ಇಲ್ಲ. ಮೈದಾನದಲ್ಲಿದ್ದ ಆಟಗಾರನ ಕೂಗು ಅಧಿಕಾರಿಯ ತೀರ್ಮಾನವಾಗಿ ಮಾರ್ಪಟ್ಟಿತು. ಗಡಿರೇಖೆ, ಪ್ರೇಕ್ಷಕರ ಗ್ಯಾಲರಿ, ಕತ್ತರಿಸಿದ ಹುಲ್ಲು ಇರುವ ಕ್ರೀಡಾಂಗಣಗಳಲ್ಲಿ ಹಳೆಯ ನಿಯಮದ ಬಳಕೆ ಅಪರೂಪವಾಗಿತ್ತೆಂಬುದು ನಿಜ. ಆದರೂ ಕ್ರಿಕೆಟ್ ತನ್ನ ಬಯಲುಗಾಲದಿಂದ ಉಳಿಸಿಕೊಂಡಿದ್ದ ಒಂದು ಗುರುತು ಅದರೊಡನೆ ಅಳಿಯಿತು.

ಹೊಸ ಚೆಂಡಿನ ಹಕ್ಕು

ಒಂದು ಇನ್ನಿಂಗ್ಸ್‌ಗೆ ಒಂದೇ ಚೆಂಡು ಎಂಬ ಕಟ್ಟುಪಾಡು 20ನೆಯ ಶತಮಾನದ ಆರಂಭದಲ್ಲಿ ಸಡಿಲವಾಯಿತು. 1907ರಲ್ಲಿ ಎದುರಾಳಿ ತಂಡ 200 ಓಟ ಗಳಿಸಿದ ನಂತರ ಹೊಸ ಚೆಂಡನ್ನು ಪಡೆಯುವ ಅವಕಾಶ ಬಂದಿತು. ಇಲ್ಲಿ ಅಳತೆಗೋಲು ಓಟಗಳದು. ಹೆಚ್ಚು ಹೊಡೆಸಿಕೊಂಡ ತಂಡಕ್ಕೆ ಬೇಗ ಹೊಸ ಚೆಂಡು, ಬಿಗಿಯಾಗಿ ಬೌಲ್ ಮಾಡಿದ ತಂಡಕ್ಕೆ ತಡವಾಗಿ! ಈ ವೈಪರೀತ್ಯವನ್ನು ನಿವಾರಿಸಲು ಓವರ್‌ಗಳ ಲೆಕ್ಕ ಬಳಕೆಗೆ ಬಂದಿತು. 1948ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡಿನಲ್ಲಿ ಆಡಿದ ಸರಣಿಯಲ್ಲಿ ಪ್ರತಿ 55 ಓವರ್‌ಗಳಿಗೆ ಹೊಸ ಚೆಂಡು ದೊರೆಯುತ್ತಿತ್ತು. ರೇ ಲಿಂಡ್‌ವಾಲ್ ಮತ್ತು ಕೀತ್ ಮಿಲ್ಲರ್ ಅವರಂತಹ ವೇಗದ ಬೌಲರರಿದ್ದ ಬ್ರಾಡ್ಮನ್ನರ ತಂಡಕ್ಕೆ ಇದು ವರವಾಯಿತು. ಮುಂದೆ ಈ ಸಂಖ್ಯೆ ಹಲವು ಬಾರಿ ಬದಲಾಗಿ, ಟೆಸ್ಟ್ ಪಂದ್ಯಗಳಲ್ಲಿ 80 ಓವರ್‌ಗಳಿಗೆ ನೆಲೆಗೊಂಡಿತು. ಚೆಂಡಿನ ವಯಸ್ಸನ್ನು ನಿಗದಿಪಡಿಸುವುದೆಂದರೆ ಯಾವ ಬಗೆಯ ಬೌಲರನಿಗೆ ಎಷ್ಟು ಕಾಲ ಅವಕಾಶ ಎಂಬುದನ್ನು ನಿಗದಿಪಡಿಸುವುದೇ ಆಗಿದೆ.

ಭಾರತದ ಕ್ರಿಕೆಟ್ ಚರಿತ್ರೆಯಲ್ಲಿ, ವಿಶೇಷವಾಗಿ ಮೈಸೂರು ರಾಜ್ಯದ ಆಟಗಾರರ ಮೂಲಕ, ಇದರ ಇನ್ನೊಂದು ಮುಖ ಕಾಣುತ್ತದೆ. 1967ರ ಜುಲೈ ತಿಂಗಳಲ್ಲಿ ಎಜ್‌ಬ್ಯಾಸ್ಟನ್‌ನಲ್ಲಿ ನಡೆದ ಟೆಸ್ಟ್ ಪಂದ್ಯಕ್ಕೆ ಭಾರತ ಎರ್ರಪಳ್ಳಿ ಪ್ರಸನ್ನ, ಬಿ.ಎಸ್. ಚಂದ್ರಶೇಖರ್, ಬಿಷನ್ ಸಿಂಗ್ ಬೇಡಿ, ಎಸ್. ವೆಂಕಟರಾಘವನ್ ಈ ನಾಲ್ವರು ಸ್ಪಿನ್ನರರನ್ನೂ ಆರಿಸಿತು. ಆ ನಾಲ್ವರೂ ಒಟ್ಟಿಗೆ ಆಡಿದ ಟೆಸ್ಟ್ ಅದೊಂದೇ. ಹೊಸ ಚೆಂಡನ್ನು ಹಿಡಿದವರು ಬೆಂಗಳೂರಿನ ವಿ. ಸುಬ್ರಹ್ಮಣ್ಯ ಮತ್ತು ಮೂಲ್ಕಿಯಲ್ಲಿ ಜನಿಸಿದ ಬುಧಿ ಕುಂದರನ್. ಕುಂದರನ್ ಖ್ಯಾತರಾಗಿದ್ದುದು ವಿಕೆಟ್‌ಕೀಪರ್ ಆಗಿ. ಇತರ ದೇಶಗಳಿಗೆ ಅಮೂಲ್ಯವಾಗಿದ್ದ ಹೊಸ ಚೆಂಡು ಆ ಕಾಲದ ಭಾರತಕ್ಕೆ ಬೇಗನೆ ದಾಟಬೇಕಾದ ಹಂತವಾಗಿತ್ತು. ಅದರ ಹೊಳಪು ಎಷ್ಟು ಬೇಗ ಹೋದರೆ ಸ್ಪಿನ್ನರರಿಗೆ ಅಷ್ಟು ಒಳಿತು. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಚಂದ್ರಶೇಖರ್ 38 ಓಟಗಳಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿ, ಆ ದೇಶದಲ್ಲಿ ಭಾರತದ ಪ್ರಥಮ ಟೆಸ್ಟ್ ವಿಜಯಕ್ಕೆ ಕಾರಣರಾದದ್ದು ಈ ಪರಂಪರೆಯ ಶಿಖರ.

ಏಕದಿನ ಪಂದ್ಯಗಳಲ್ಲಿ ನಿಯಮಕಾರರ ಪ್ರಯೋಗಗಳು ಇನ್ನೂ ಹೆಚ್ಚು. ಬೇಗ ಕೊಳೆಯಾಗುವ ಬಿಳಿಯ ಚೆಂಡಿನ ಸಮಸ್ಯೆಗಾಗಿ 2007ರಲ್ಲಿ 34 ಓವರ್‌ಗಳ ನಂತರ ಕಡ್ಡಾಯ ಬದಲಾವಣೆ ಬಂದಿತು. 2011ರ ಅಕ್ಟೋಬರ್‌ನಿಂದ ಎರಡು ತುದಿಗಳಿಂದ ಎರಡು ಹೊಸ ಚೆಂಡುಗಳ ಬಳಕೆ ಆರಂಭವಾಯಿತು. ಇದರಿಂದ ಯಾವ ಚೆಂಡೂ 25 ಓವರ್‌ಗಳಿಗಿಂತ ಹಳೆಯದಾಗದೆ ರಿವರ್ಸ್ ಸ್ವಿಂಗ್ ಬಹುಮಟ್ಟಿಗೆ ಮರೆಯಾಯಿತು. 2025ರ ಜುಲೈನಿಂದ ಎರಡು ಚೆಂಡುಗಳನ್ನು 34 ಓವರ್‌ಗಳವರೆಗೆ ಮಾತ್ರ ಬಳಸಿ, ಉಳಿದ 16 ಓವರ್‌ಗಳಿಗೆ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಪದ್ಧತಿ ಜಾರಿಗೆ ಬಂದಿತು. ಹಳೆಯ ಚೆಂಡನ್ನು ಆಟದಿಂದ ತೆಗೆದುಹಾಕಿದ ಆಡಳಿತವೇ ಅದನ್ನು ಮರಳಿ ತರಬೇಕಾಯಿತು.

ಇತರ ಆಟಗಳ ಮಾರ್ಗ

ಕ್ರಿಕೆಟ್ಟಿನ ನಿಲುವನ್ನು ಅರಿಯಲು ಇತರ ಆಟಗಳೊಡನೆ ಹೋಲಿಕೆ ಸಹಾಯಕ. ಗಾಲ್ಫ್‌ನಲ್ಲಿ ಚೆಂಡು ಕಳೆದರೆ ಹೊಣೆ ಹೊಡೆದವನದೇ. ಒಂದು ಹೊಡೆತದ ದಂಡ ತೆತ್ತು, ಮೊದಲು ಹೊಡೆದ ಸ್ಥಳಕ್ಕೇ ಮರಳಬೇಕು. ಹುಡುಕಲು ಇದ್ದ 5 ನಿಮಿಷಗಳ ಅವಧಿಯನ್ನು 2019ರಲ್ಲಿ 3 ನಿಮಿಷಗಳಿಗೆ ಇಳಿಸಲಾಯಿತು. ಟೆನಿಸ್‌ನ ಪ್ರಮುಖ ಪಂದ್ಯಗಳಲ್ಲಿ ಮೊದಲು 7 ಗೇಮುಗಳ ನಂತರ, ಆಮೇಲೆ ಪ್ರತಿ 9 ಗೇಮುಗಳಿಗೊಮ್ಮೆ ಚೆಂಡುಗಳನ್ನೆಲ್ಲ ಬದಲಿಸಲಾಗುತ್ತದೆ. ಅಲ್ಲಿ ಸವೆತವೆಂದರೆ ದೋಷ ಮಾತ್ರ. ಬೇಸ್‌ಬಾಲ್‌ನಲ್ಲಿ 1920ರಲ್ಲಿ ರೇ ಚಾಪ್ಮನ್ ಎಂಬ ಆಟಗಾರ ಚೆಂಡು ತಲೆಗೆ ಬಡಿದು ಮರಣಹೊಂದಿದ ಮೇಲೆ, ಕೊಳೆಯಾಗಿ ಕಾಣಿಸದಂತಾದ ಚೆಂಡನ್ನು ಒಡನೆ ಬದಲಿಸುವ ಪದ್ಧತಿ ಬಲಗೊಂಡಿತು. ಗ್ಯಾಲರಿಗೆ ಹೋದ ಚೆಂಡು ಇಂದು ಪ್ರೇಕ್ಷಕನ ಸ್ವತ್ತು.

ಕಾಲ್ಚೆಂಡಿನಾಟದ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. 1930ರ ಜುಲೈ 30ರಂದು ಮಾಂಟೆವಿಡಿಯೊದಲ್ಲಿ ನಡೆದ ಪ್ರಥಮ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಯಾರ ಚೆಂಡನ್ನು ಬಳಸಬೇಕೆಂಬ ವಿವಾದ ಎದ್ದಿತು. ಕೊನೆಗೆ ಪೂರ್ವಾರ್ಧವನ್ನು ಅರ್ಜೆಂಟೀನಾದ ಚೆಂಡಿನಿಂದಲೂ ಉತ್ತರಾರ್ಧವನ್ನು ಉರುಗ್ವೆಯ ಚೆಂಡಿನಿಂದಲೂ ಆಡಲಾಯಿತು. ವಿರಾಮದ ವೇಳೆಗೆ ಅರ್ಜೆಂಟೀನಾ 2-1ರಿಂದ ಮುಂದಿತ್ತು. ಪಂದ್ಯವನ್ನು ಉರುಗ್ವೆ 4-2ರಿಂದ ಗೆದ್ದಿತು. ಫಲಿತಾಂಶಕ್ಕೆ ಚೆಂಡೇ ಕಾರಣವೆಂದು ಹೇಳಲು ಬಾರದು; ಆದರೆ ಚೆಂಡು ಬೇರೆಯಾದರೆ ಆಟವೂ ಬೇರೆಯೆಂಬ ನಂಬಿಕೆ ಉಭಯ ತಂಡಗಳಿಗೂ ಇತ್ತೆಂಬುದು ನಿರ್ವಿವಾದ.

ಈ ಎಲ್ಲಕ್ಕಿಂತ ಭಿನ್ನವಾದ ಮಾರ್ಗ ಕ್ರಿಕೆಟ್ಟಿನದು. ಚೆಂಡು ಕಳೆದರೆ, ಅಥವಾ ಸಹಜ ಬಳಕೆಯಿಂದ ಆಡಲು ಅಯೋಗ್ಯವಾದರೆ, ಹಿಂದಿನ ಚೆಂಡಿಗೆ ಹೋಲುವಷ್ಟು ಸವೆದ ಮತ್ತೊಂದು ಚೆಂಡನ್ನು ಅಂಪೈರರು ಒದಗಿಸಬೇಕು. ಕಳೆದುಕೊಂಡವನಿಗೆ ಲಾಭವೂ ಇಲ್ಲ, ದಂಡವೂ ಇಲ್ಲ. ನಷ್ಟವೇ ಆಗಲಿಲ್ಲವೆಂಬಂತೆ ಆಟ ಮುಂದುವರಿಯಬೇಕು. ಇದನ್ನೇ ಇಲ್ಲಿ ‘ಸಮಾನ ಸವೆತದ ತತ್ತ್ವ’ವೆಂದು ಕರೆಯಲಾಗಿದೆ.

ಸಮಾನ ಸವೆತದ ಮಿತಿಗಳು

ಈ ತತ್ತ್ವವನ್ನು ಪಾಲಿಸಲು ದೊಡ್ಡ ಪಂದ್ಯಗಳಲ್ಲಿ ವಿವಿಧ ವಯಸ್ಸಿನ ಹಳೆಯ ಚೆಂಡುಗಳ ಪೆಟ್ಟಿಗೆಯೊಂದು ಸಿದ್ಧವಿರುತ್ತದೆ. ಚೆಂಡು ಆಕಾರ ಕೆಟ್ಟಿದೆಯೇ ಎಂದು ಲೋಹದ ಬಳೆಗಳ ಮೂಲಕ ತೂರಿಸಿ ಪರೀಕ್ಷಿಸಲಾಗುತ್ತದೆ. ವಿಕೆಟ್ ಬಿದ್ದಾಗ, ವಿರಾಮಗಳಲ್ಲಿ ಚೆಂಡು ಅಂಪೈರರ ವಶದಲ್ಲಿರುತ್ತದೆ. ಇಷ್ಟಿದ್ದರೂ ಸವೆತವನ್ನು ಅಳೆಯುವ ಉಪಕರಣವಿಲ್ಲ. ಹೊಳಪು, ಗಡಸುತನ, ಹೊಲಿಗೆಯ ಎತ್ತರ ಇವೆಲ್ಲ ಕಣ್ಣು ಮತ್ತು ಕೈಗಳ ಅಂದಾಜಿಗೆ ಬಿಟ್ಟ ವಿಷಯಗಳು.

2023ರ ಜುಲೈನಲ್ಲಿ ಓವಲ್‌ನಲ್ಲಿ ನಡೆದ ಆ್ಯಷಸ್ ಟೆಸ್ಟ್ ಇದಕ್ಕೆ ನಿದರ್ಶನ. 384 ಓಟಗಳ ಗುರಿ ಬೆನ್ನಟ್ಟಿದ ಆಸ್ಟ್ರೇಲಿಯಾದ ಇನ್ನಿಂಗ್ಸ್‌ನ 37ನೆಯ ಓವರ್‌ನಲ್ಲಿ, ಮಾರ್ಕ್ ವುಡ್ ಎಸೆದ ಚೆಂಡು ಉಸ್ಮಾನ್ ಖವಾಜಾ ಅವರ ಹೆಲ್ಮೆಟ್ಟಿಗೆ ಬಡಿದು ಆಕಾರ ಕೆಟ್ಟಿತು. ಬದಲಿಯಾಗಿ ಬಂದ ಚೆಂಡು ಹೆಚ್ಚು ಹೊಸದಾಗಿ ಕಾಣುತ್ತಿದೆಯೆಂಬ ಆಕ್ಷೇಪವನ್ನು ಮಾಜಿ ನಾಯಕ ರಿಕಿ ಪಾಂಟಿಂಗ್ ಎತ್ತಿದರು. ನಾಲ್ಕನೆಯ ದಿನದ ಅಂತ್ಯಕ್ಕೆ ವಿಕೆಟ್ ನಷ್ಟವಿಲ್ಲದೆ 135 ಗಳಿಸಿದ್ದ ಆಸ್ಟ್ರೇಲಿಯಾ ಮರುದಿನ 334ಕ್ಕೆ ಮುಗಿದು 49 ಓಟಗಳಿಂದ ಸೋತಿತು. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಇದರ ವಿಪರ್ಯಾಸ ಕಂಡಿತು. ಜಸ್‌ಪ್ರೀತ್ ಬುಮ್ರಾ ಎರಡನೆಯ ದಿನದ ಬೆಳಿಗ್ಗೆ ಮೂರು ವಿಕೆಟ್‌ಗಳನ್ನು ಬೇಗಬೇಗನೆ ಉರುಳಿಸಿದ ಹೊಸ ಚೆಂಡು ಕೆಲವೇ ಓವರ್‌ಗಳಲ್ಲಿ ಆಕಾರ ಕೆಟ್ಟಿತೆಂದು ಭಾರತ ತಂಡವೇ ಬದಲಾವಣೆ ಕೇಳಿತು. ಬಂದ ಚೆಂಡು ಮೊದಲಿನಂತೆ ತಿರುಗಲಿಲ್ಲ. ನಾಯಕ ಶುಭ್‌ಮನ್ ಗಿಲ್ ಮೈದಾನದಲ್ಲಿಯೇ ಅಸಮಾಧಾನ ತೋರಿದರು. ಸ್ವಲ್ಪ ಹೊತ್ತಿನಲ್ಲಿ ಆ ಬದಲಿ ಚೆಂಡಿಗೂ ಬದಲಿ ತರಬೇಕಾಯಿತು. ಆ ಪಂದ್ಯವನ್ನು ಭಾರತ ಸೋತ ಅಂತರ 22 ಓಟಗಳು.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಒಂದು ಪ್ರಸಂಗ ಈ ತತ್ತ್ವದ ಇನ್ನೊಂದು ಮಿತಿಯನ್ನು ತೋರಿಸುತ್ತದೆ. 2024ರ ಮೇ 18ರಂದು ಮಳೆ ಬಿದ್ದ ರಾತ್ರಿಯಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಮತ್ತು ಚೆನ್ನೈ ಸೂಪರ್ ಕಿಂಗ್ಸ್ ತಂಡಗಳ ನಡುವೆ ಐಪಿಎಲ್ ಪಂದ್ಯ ನಡೆಯಿತು. ಮುಂದಿನ ಹಂತಕ್ಕೆ ಅರ್ಹತೆ ಪಡೆಯಲು ಚೆನ್ನೈಗೆ ಕೊನೆಯ ಓವರ್‌ನಲ್ಲಿ 17 ಓಟಗಳು ಬೇಕಿದ್ದವು. ಮೊದಲ ಎಸೆತವನ್ನು ಮಹೇಂದ್ರ ಸಿಂಗ್ ಧೋನಿ ಕ್ರೀಡಾಂಗಣದ ಹೊರಕ್ಕೆ ಹೊಡೆದರು. ಒದ್ದೆಯಾಗಿದ್ದ ಚೆಂಡು ಹೋಗಿ ಒಣಗಿದ ಬದಲಿ ಚೆಂಡು ಬಂದಿತು. ಮರುಎಸೆತದಲ್ಲಿಯೇ ಯಶ್ ದಯಾಳ್ ಧೋನಿಯನ್ನು ಔಟ್ ಮಾಡಿದರು, ಅರ್ಹತೆ ಬೆಂಗಳೂರಿನದಾಯಿತು. ಒಣ ಚೆಂಡು ಬೌಲರನ ಹಿಡಿತಕ್ಕೆ ನೆರವಾಯಿತೆಂಬುದನ್ನು ಬೆಂಗಳೂರು ತಂಡದ ದಿನೇಶ್ ಕಾರ್ತಿಕ್ ಪಂದ್ಯದ ನಂತರ ಹೇಳಿದರು. ನಿಯಮ ಹೇಳುವುದು ಸವೆತದ ಸಮಾನತೆಯನ್ನು, ತೇವದ ಸಮಾನತೆಯನ್ನಲ್ಲ. ಅತಿ ದೊಡ್ಡ ಹೊಡೆತವೇ ಎದುರಾಳಿಗೆ ಉತ್ತಮ ಚೆಂಡನ್ನು ಒದಗಿಸಿದ ಈ ಘಟನೆಯಲ್ಲಿ ಯಾರ ತಪ್ಪೂ ಇಲ್ಲ. ನಷ್ಟವನ್ನು ಇಲ್ಲವಾಗಿಸುವ ನಿಯಮದ ಆಶಯ ಪೂರ್ಣವಾಗಿ ಈಡೇರಲಾರದೆಂಬುದಕ್ಕೆ ಮಾತ್ರ ಅದು ಸಾಕ್ಷಿ.

ಚೆಂಡು ಬದಲಿಸುವ ಕ್ರಿಯೆಗೆ ನೈತಿಕ ತೂಕವೂ ಉಂಟು. 2006ರ ಆಗಸ್ಟ್ 20ರಂದು ಓವಲ್‌ನಲ್ಲಿ ಪಾಕಿಸ್ತಾನ ತಂಡ ಚೆಂಡನ್ನು ವಿರೂಪಗೊಳಿಸಿದೆಯೆಂದು ತೀರ್ಮಾನಿಸಿದ ಅಂಪೈರರು ಚೆಂಡನ್ನು ಬದಲಿಸಿ 5 ಓಟಗಳ ದಂಡ ವಿಧಿಸಿದರು. ತಂಡ ಪ್ರತಿಭಟಿಸಿ ಸಕಾಲಕ್ಕೆ ಮೈದಾನಕ್ಕೆ ಮರಳಲಿಲ್ಲ. ಟೆಸ್ಟ್ ಚರಿತ್ರೆಯಲ್ಲಿ ಮೊದಲ ಬಾರಿಗೆ ಪಂದ್ಯವನ್ನು ಬಿಟ್ಟುಕೊಟ್ಟಂತೆ ಘೋಷಿಸಲಾಯಿತು. ಆ ಫಲಿತಾಂಶವನ್ನು 2008ರಲ್ಲಿ ಡ್ರಾ ಎಂದು ಬದಲಿಸಿ, 2009ರಲ್ಲಿ ಮತ್ತೆ ಮೊದಲಿನಂತೆ ಮಾಡಲಾಯಿತು. ಇದಕ್ಕೆ ವಿರುದ್ಧವಾಗಿ, 2018ರ ಮಾರ್ಚ್‌ನಲ್ಲಿ ಕೇಪ್‌ಟೌನ್‌ನಲ್ಲಿ ಆಸ್ಟ್ರೇಲಿಯಾದ ಆಟಗಾರ ಚೆಂಡಿಗೆ ಮರಳುಕಾಗದ ಉಜ್ಜಿದ ದೃಶ್ಯ ಲೋಕವೆಲ್ಲ ಕಂಡಿತು. ಚೆಂಡನ್ನು ಪರೀಕ್ಷಿಸಿದ ಅಂಪೈರರು ಅದನ್ನು ಬದಲಿಸಲಿಲ್ಲ. ಒಂದು ಕಡೆ ಚೆಂಡಿನ ಬದಲಾವಣೆಯೇ ತೀರ್ಪಾಯಿತು. ಇನ್ನೊಂದು ಕಡೆ ಅಪರಾಧ ಒಪ್ಪಿತವಾದರೂ ಚೆಂಡು ಆಟದಲ್ಲಿಯೇ ಉಳಿಯಿತು.

ಚೆಂಡಿನ ಹಿಂದಿನ ಕೈಗಳು

ಬದಲಿ ಚೆಂಡುಗಳ ಪೆಟ್ಟಿಗೆ ತುಂಬಿರಲು ಸಾಧ್ಯವಾದದ್ದು ಉತ್ಪಾದನೆಯ ವಿಸ್ತಾರದಿಂದ. ಭಾರತದಲ್ಲಿ ಈ ಉದ್ಯಮದ ಬೇರು ಸಿಯಾಲ್‌ಕೋಟ್‌ನಲ್ಲಿದೆ. 1947ರ ದೇಶವಿಭಜನೆಯ ನಂತರ ಅಲ್ಲಿಂದ ಬಂದ ಕುಟುಂಬಗಳು ಜಲಂಧರ್ ಮತ್ತು ಮೀರತ್‌ಗಳಲ್ಲಿ ಕ್ರೀಡಾಸಾಮಗ್ರಿಗಳ ಕೈಗಾರಿಕೆಯನ್ನು ಮರುಸ್ಥಾಪಿಸಿದವು. ಭಾರತದಲ್ಲಿ ಆಡುವ ಟೆಸ್ಟ್ ಮತ್ತು ರಣಜಿ ಪಂದ್ಯಗಳಿಗೆ ಚೆಂಡು ಒದಗಿಸುವ ಮೀರತ್‌ನ ಸ್ಯಾನ್ಸ್‌ಪರೇಲ್ಸ್ ಗ್ರೀನ್‌ಲ್ಯಾಂಡ್ಸ್ ಸಂಸ್ಥೆಯ ಮೂಲವೂ 1931ರ ಸಿಯಾಲ್‌ಕೋಟ್. ಮನೆ, ಅಂಗಡಿ, ಊರುಗಳನ್ನು ಕಳೆದುಕೊಂಡವರು ಹೊಸ ಊರಿನಲ್ಲಿ ಹಳೆಯ ಕಸುಬನ್ನು ಕಟ್ಟಿಕೊಂಡರು. ಅವರ ಚೆಂಡಿನ ಎದ್ದುಕಾಣುವ ಹೊಲಿಗೆ ಇಂದಿಗೂ ಕೈಯಿಂದಲೇ ಆಗುತ್ತದೆ. ಒಂದು ಕೈಯ ಹೊಲಿಗೆ ಇನ್ನೊಂದು ಕೈಯದರಂತೆ ಇರುವುದಿಲ್ಲ. ನಿಯಮ ಬಯಸುವ ಸಮಾನತೆಗೆ ಮೊದಲ ಅಡ್ಡಿ ಹೀಗೆ ಚೆಂಡಿನ ಹುಟ್ಟಿನಲ್ಲಿಯೇ ಇದೆ.

ಪೆಟ್ಟಿಗೆಯಿಲ್ಲದ ಆಟ

ಇಷ್ಟೆಲ್ಲ ವ್ಯವಸ್ಥೆ ಕ್ರಿಕೆಟ್ ಆಡುವವರಲ್ಲಿ ಅತ್ಯಲ್ಪ ಭಾಗಕ್ಕೆ ಮಾತ್ರ ಸಂಬಂಧಿಸಿದ್ದು. ಕರ್ನಾಟಕದ ಊರೂರುಗಳ ಬಯಲು, ಕೊಯ್ಲಾದ ಗದ್ದೆ, ನಗರದ ಗಲ್ಲಿಗಳಲ್ಲಿ ನಡೆಯುವ ಆಟಕ್ಕೆ ಬದಲಿ ಚೆಂಡು ಇರುವುದಿಲ್ಲ. ಹುಡುಗರು ಚಂದಾ ಹಾಕಿ ಕೊಂಡ ರಬ್ಬರ್ ಅಥವಾ ಟೆನಿಸ್ ಚೆಂಡು ಒಂದೇ. ಅಲ್ಲಿಯ ಅಲಿಖಿತ ನಿಯಮಗಳು ಸಮಾನ ಸವೆತದ ತತ್ತ್ವವನ್ನು ಅರಿಯವು. ಪಕ್ಕದ ಮನೆಯ ಕಾಂಪೌಂಡಿಗೆ ನೇರವಾಗಿ ಹೊಡೆದವನು ಔಟ್. ಕಳೆದವನೇ ಹುಡುಕಿ ತರಬೇಕು, ಸಿಗದಿದ್ದರೆ ಹೊಸದನ್ನು ಕೊಡಿಸಬೇಕು. ನಷ್ಟದ ಹೊಣೆ ಹೊಡೆದವನ ಮೇಲೆಯೇ ಬೀಳುವ ಈ ಕ್ರಮ ಕ್ರಿಕೆಟ್ಟಿಗಿಂತ ಗಾಲ್ಫ್‌ಗೆ ಹತ್ತಿರವಾದುದು. ಆದರೆ ಹುಡುಕುವಾಗ ಎರಡೂ ಪಕ್ಷಗಳು ಬೇಲಿಯ ಬುಡದಲ್ಲಿ ಒಟ್ಟಿಗೆ ಬಾಗುತ್ತವೆ. ಏಕೆಂದರೆ ಚೆಂಡು ಸಿಗದಿದ್ದರೆ ಸೋಲು ಗೆಲುವುಗಳೆರಡೂ ಇಲ್ಲ. ಸಂಹಿತೆಯಿಂದ 2017ರಲ್ಲಿ ಹೊರಬಿದ್ದ ‘ಲಾಸ್ಟ್ ಬಾಲ್’ ಕೂಗಿನ ಹಿಂದಿದ್ದ ಸ್ಥಿತಿ ಇಲ್ಲಿ ಇಂದಿಗೂ ನಿತ್ಯದ ಅನುಭವ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕ್ರಿಕೆಟ್ಟಿನಲ್ಲಿ ಚೆಂಡು ಬದಲಿಸಲಾಗದ ಏಕೈಕ ವಸ್ತುವಿನಿಂದ ಪೆಟ್ಟಿಗೆಯಲ್ಲಿನ ಹಲವುಗಳಲ್ಲಿ ಒಂದಾಗಿ ಪರಿವರ್ತನೆಗೊಂಡಿದೆ. ಎರಡನೆಯದು, ಈ ಪರಿವರ್ತನೆಯೊಡನೆ ಚೆಂಡಿನ ಮೇಲಣ ಅಧಿಕಾರ ಆಟಗಾರರ ಪರಸ್ಪರ ಒಪ್ಪಿಗೆಯಿಂದ ಅಂಪೈರರ ಅಂದಾಜಿಗೆ ಸರಿದಿದೆ. ಮೂರನೆಯದು, ಅಧಿಕಾರ ಸರಿದಷ್ಟು ಸುಲಭವಾಗಿ ವಿಶ್ವಾಸ ಸರಿದಿಲ್ಲ. ಬದಲಿ ಚೆಂಡಿನ ಬಗೆಗಿನ ವಿವಾದಗಳು ಉಪಕರಣಗಳು ಹೆಚ್ಚಿದ ಕಾಲದಲ್ಲಿಯೂ ನಿಂತಿಲ್ಲ. ಕಳೆದುಹೋದುದಕ್ಕೆ ನಿಖರವಾಗಿ ಸಮಾನವಾದುದನ್ನು ತಂದುಕೊಡುವುದು ನಿಯಮಕ್ಕೆ ಅಸಾಧ್ಯ. ಅದಕ್ಕೆ ಸಾಧ್ಯವಿರುವುದು ಸಮಾನತೆಯ ಪ್ರಾಮಾಣಿಕ ಪ್ರಯತ್ನ ಮತ್ತು ಆ ಪ್ರಯತ್ನವನ್ನು ಎರಡೂ ಪಕ್ಷಗಳು ಒಪ್ಪುವಂತಹ ಪಾರದರ್ಶಕತೆ. ಉಭಯ ಪಕ್ಷಗಳ ಒಪ್ಪಿಗೆಯನ್ನು ಕೇಳುತ್ತಿದ್ದ 18ನೆಯ ಶತಮಾನದ ನಿಯಮದಲ್ಲಿ ಈ ಅರಿವು ಇತ್ತು. ಬದಲಿ ಚೆಂಡನ್ನು ಆರಿಸುವ ವಿಧಾನವನ್ನು ಮುಂದೆ ಪರಿಷ್ಕರಿಸುವವರು ಆ ಹಳೆಯ ನಿಯಮವನ್ನು ಮತ್ತೊಮ್ಮೆ ಅವಲೋಕಿಸುವುದು ಉಚಿತ.